ಕಾವಲು ಕೆಟ್ಟಿದೆ ಎಂದು ಬರೆಯುವ ಮುನ್ನ

ಬಯಲುಸೀಮೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಚಿತ್ರದುರ್ಗ, ತುಮಕೂರು, ಬಳ್ಳಾರಿ, ಹಾವೇರಿ, ಕೊಪ್ಪಳ ಜಿಲ್ಲೆಗಳಲ್ಲೂ ಕಡೂರು–ಅಜ್ಜಂಪುರದ ಸೀಮೆಯಲ್ಲೂ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯಲ್ಲಿ ಕೂತಿರುವ ನಿಮಗೆಲ್ಲ 2002ರ ಜೀವವೈವಿಧ್ಯ ಕಾಯಿದೆ ದೊಡ್ಡ ಕೆಲಸವೊಂದನ್ನು ಒಪ್ಪಿಸಿದೆ. ಊರಿನ ಜೀವಸಂಪತ್ತನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕಾದವರು ನೀವು. ನಾನು ಓದಿರುವ ಇಂಥ ದಾಖಲಾತಿಗಳಲ್ಲಿ ಕೆರೆಗೆ ಪುಟಗಳಿವೆ, ಮರಗಳಿಗೆ ಪುಟಗಳಿವೆ, ಔಷಧಿ ಗಿಡಗಳಿಗೆ ಇನ್ನೂ ಹೆಚ್ಚು ಪುಟಗಳಿವೆ. ಕಾವಲು, ಗೋಮಾಳದ ಸರದಿ ಬಂದಾಗ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಾಲು: ದನಕುರಿ ಮಿತಿಮೀರಿ ಮೇದು ಭೂಮಿ ಹಾಳಾಗಿದೆ. ಅದರ ಬೆನ್ನಿಗೇ ಎರಡು ಠರಾವು ಬರುತ್ತವೆ. ಕುರಿ ಬಿಡುವುದನ್ನು ನಿಲ್ಲಿಸಬೇಕು, ಖಾಲಿ ಜಾಗದಲ್ಲಿ ಗಿಡ ನೆಡಬೇಕು.

ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ. ಅತಿಮೇವು ಎಂಬುದು ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಇದೆ, ಕೆಲವು ಕಡೆ ಬಹಳ ಇದೆ. ಆದರೆ ಅದೊಂದು ತೀರ್ಪು, ತೀರ್ಪಿಗೆ ಸಾಕ್ಷಿ ಬೇಕು. ಮಂದೆಯೊಂದು ರಸ್ತೆಯಿಂದ ಕಣ್ಣಿಗೆ ಬಿತ್ತೆಂಬುದು ಸಾಕ್ಷಿಯಲ್ಲ. ಮೇ ತಿಂಗಳಲ್ಲಿ ನೆಲ ಕೆಂಪಗೆ ಕಂಡಿತೆಂಬುದೂ ಸಾಕ್ಷಿಯಲ್ಲ. ಸಾಕ್ಷಿ ಇರುವುದು ಹುಲ್ಲಿನ ಬುಡದಲ್ಲಿ, ಮಣ್ಣಿನ ಮೇಲ್ಪದರದಲ್ಲಿ, ನಾಲ್ಕಾರು ವರ್ಷ ಬಿಡದೆ ಇಟ್ಟ ಲೆಕ್ಕದಲ್ಲಿ. ಇವನ್ನು ಓದಲು ಪದವಿ ಬೇಕಿಲ್ಲ, ದುಬಾರಿ ಉಪಕರಣ ಬೇಕಿಲ್ಲ. ಕೂತು ನೋಡುವ ತಾಳ್ಮೆ ಇದ್ದರೆ ಸಾಕು.

ಮೊದಲು ನಾವು ಓದಬೇಕಾದ ಭೂಮಿ ಯಾವುದು ಎಂಬುದು ತಿಳಿದಿರಬೇಕು. ಅಲ್ಲೊಂದು ಬಿಳಿಜಾಲಿ, ಇಲ್ಲೊಂದು ಈಚಲು, ನಡುವೆ ಹುಲ್ಲು, ಅಲ್ಲಲ್ಲಿ ಬಂಡೆ. ಇಂಥ ನಮ್ಮ ಬಯಲು ಒಂದು ಕಾಲಕ್ಕೆ ದಟ್ಟ ಕಾಡಾಗಿದ್ದು ಆಮೇಲೆ ಬೋಳಾಯಿತು ಎಂದು ಬಹಳ ಜನ ನಂಬಿದ್ದಾರೆ. ಸರ್ಕಾರದ ಪಾಳುಭೂಮಿ ನಕಾಶೆಗಳೂ ಇಂಥ ನೆಲದ ಬಹುಪಾಲನ್ನು ಪಾಳು ಎಂಬ ಪಟ್ಟಿಗೇ ಸೇರಿಸಿವೆ. ದಖ್ಖನ್ ಪ್ರಸ್ಥಭೂಮಿಯ ಇಂಥ ಭಾಗಗಳನ್ನು ಪರಿಸರ ವಿಜ್ಞಾನಿಗಳು ಒಣ ಸವನ್ನಾ ಎಂದೇ ಗುರುತಿಸುತ್ತಾರೆ. ಹುಲ್ಲೇ ಇಲ್ಲಿನ ಒಡೆಯ, ಮರ ಇಲ್ಲಿ ವಿರಳ ಅತಿಥಿ. ದಬಡಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಭಾರತದ ಹುಲ್ಲು ಹೊದಿಕೆಯನ್ನು ಐದು ಬಗೆಯಾಗಿ ವಿಂಗಡಿಸಿದಾಗ ಪರ್ಯಾಯ ದ್ವೀಪದ ಒಣ ಬಯಲನ್ನು ಸೆಹಿಮಾ–ಡೈಕ್ಯಾಂಥಿಯಮ್ ಎಂಬ ಬಗೆಗೆ ಸೇರಿಸಿದರು. ಸೆಹಿಮಾ, ಡೈಕ್ಯಾಂಥಿಯಮ್ ಎರಡೂ ಬಹುವಾರ್ಷಿಕ ಹುಲ್ಲುಗಳು, ಎರಡೂ ದನಕುರಿ ಇಷ್ಟಪಟ್ಟು ತಿನ್ನುವಂಥವು. ನಿಮ್ಮ ಕಾವಲು ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ಅಳೆಯುವಾಗ ಎದುರಿಗೆ ಇಟ್ಟುಕೊಳ್ಳಬೇಕಾದದ್ದು ಇಂಥ ಹುಲ್ಲಿನ ಬಯಲನ್ನು. ಆಗುಂಬೆಯ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಚಳ್ಳಕೆರೆಯ ಕಾವಲನ್ನು ನೋಡಿದರೆ ಅದು ಎಂದೆಂದಿಗೂ ಹಾಳಾದಂತೆಯೇ ಕಾಣುತ್ತದೆ.

ಎರಡನೆಯದು ಮಳೆ. 2022ರ ಸೆಪ್ಟೆಂಬರ್ ನಿಮಗೆ ನೆನಪಿರಬೇಕು. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಸಲ ಕೋಡಿ ಬಿತ್ತು. ಜನ ಲಾರಿ, ಟ್ರ್ಯಾಕ್ಟರ್ ಮಾಡಿಕೊಂಡು ನೋಡಲು ಹೋದರು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಒಂದೇ ಕಾವಲಿಗೆ ಈ ಎರಡು ವರ್ಷಗಳ ಅಕ್ಟೋಬರ್‌ನಲ್ಲಿ ಹೋಗಿದ್ದವರು ಎರಡು ಬೇರೆ ಭೂಮಿ ನೋಡಿದಂತೆ ವರದಿ ಬರೆದಿರುತ್ತಾರೆ. ಮೊದಲ ವರ್ಷ ಸೊಂಟದೆತ್ತರ ಹುಲ್ಲು, ಮರುವರ್ಷ ಗೇಣುದ್ದವೂ ಇಲ್ಲ. ಕುರಿಗಳ ಸಂಖ್ಯೆ ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಹಾಗಾದರೆ 2023ರಲ್ಲಿ ಹುಲ್ಲು ಇಲ್ಲವಾದದ್ದಕ್ಕೆ ಕುರಿ ಕಾರಣವೆಂದು ಬರೆದರೆ ಅದು ನ್ಯಾಯವೇ?

ಒಣನಾಡಿನಲ್ಲಿ ಹುಲ್ಲಿನ ಬೆಳೆ ಮೊದಲು ಅನುಸರಿಸುವುದು ಮಳೆಯನ್ನು. ಉತ್ತರ ಕೀನ್ಯಾದ ತುರ್ಕಾನಾ ಪಶುಪಾಲಕರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಎಲಿಸ್ ಮತ್ತು ಸ್ವಿಫ್ಟ್ ಎಂಬ ಸಂಶೋಧಕರು 1988ರಲ್ಲಿ ಈ ಮಾತನ್ನು ಬಲವಾಗಿ ಮುಂದಿಟ್ಟರು. ಮೇಲಿಂದ ಮೇಲೆ ಬರ ಬೀಳುವ ಕಡೆ ದನಗಳ ಸಂಖ್ಯೆಯನ್ನು ಬರವೇ ಕಡಿತಗೊಳಿಸುತ್ತದೆ, ಹುಲ್ಲನ್ನು ಸಂಪೂರ್ಣ ಕೆಡಿಸುವ ಮಟ್ಟಕ್ಕೆ ಹಿಂಡು ಬೆಳೆಯುವುದೇ ಕಷ್ಟ ಎಂಬುದು ಅವರ ವಾದ. ಅದನ್ನು ಕುರುಡಾಗಿ ನಂಬಬೇಡಿ ಎಂದು ಎಚ್ಚರಿಸಿದವರೂ ಇದ್ದಾರೆ. ಬರಗಾಲದಲ್ಲಿ ದನಗಳು ಬದುಕುಳಿಯುವುದು ನೀರಿರುವ, ಹಸಿರಿರುವ ಕೆಲವೇ ಜಾಗಗಳ ಆಸರೆಯಲ್ಲಿ, ಅಲ್ಲಿ ನೆಲ ನಿಜಕ್ಕೂ ಸವೆಯುತ್ತದೆ ಎಂದು ಅವರು ತೋರಿಸಿದರು. ನಮ್ಮ ಕೆರೆಯಂಗಳ, ಗೋಕಟ್ಟೆಗಳ ಸುತ್ತ ನೋಡಿದವರಿಗೆ ಈ ಎರಡನೆಯ ಮಾತೂ ನಿಜವೆಂದು ಗೊತ್ತಿದೆ. ನನ್ನ ಮಟ್ಟಿಗೆ ಇವೆರಡೂ ಕೂಡಿದರೆ ಬಯಲುಸೀಮೆಯ ಚಿತ್ರ ಪೂರ್ತಿಯಾಗುತ್ತದೆ. ಒಂದು ವರ್ಷದ ಹಸಿರನ್ನೋ ಒಂದು ವರ್ಷದ ಬೋಳನ್ನೋ ನಂಬಿ ಏನನ್ನೂ ಬರೆಯುವಂತಿಲ್ಲ, ಹಾಗೆಯೇ ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವಂತೆಯೂ ಇಲ್ಲ.

ಮಳೆಯ ಏರಿಳಿತಕ್ಕೆ ಅಷ್ಟಾಗಿ ಜಗ್ಗದ ಗುರುತು ಯಾವುದು? ಬುಡ.

ಎಲೆ, ತೆನೆ ವರ್ಷವರ್ಷವೂ ಏರುತ್ತವೆ, ಇಳಿಯುತ್ತವೆ. ಬಹುವಾರ್ಷಿಕ ಹುಲ್ಲಿನ ಬುಡ ಹಾಗಲ್ಲ. ಬೇಸಿಗೆಯ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಕಾವಲಿನಲ್ಲಿ ಮೊಣಕಾಲೂರಿ ಕೂರಿ. ಒಣಗಿದ, ಬೂದು ಬಣ್ಣಕ್ಕೆ ತಿರುಗಿದ, ಅಂಗೈಯಗಲದ ಗಟ್ಟಿ ಬುಡಗಳು ಸಿಗುತ್ತವೆ. ಜಗ್ಗಿದರೆ ಬರುವುದಿಲ್ಲ. ಕಡ್ಡಿಗಳನ್ನು ಬೆರಳಿನಿಂದ ಬಿಡಿಸಿ ಒಳಗೆ ನೋಡಿದರೆ ನೆಲಮಟ್ಟದಲ್ಲಿ ಒಂದಿಷ್ಟು ಹಸಿರು ಅಥವಾ ಬಿಳಿ ಜೀವ ಉಳಿದಿರುತ್ತದೆ. ಅದು ಬದುಕಿರುವ ಬುಡ, ಮಳೆ ಬಿದ್ದ ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಕೈ ಹಾಕಿದೊಡನೆ ಪುಡಿಪುಡಿಯಾಗಿ ಉದುರಿದರೆ ಅದು ಸತ್ತ ಬುಡ. ಒಂದೇ ವರ್ಷದ ಹುಲ್ಲಾದರೆ ಬೇರುಸಮೇತ ಸುಲಭವಾಗಿ ಕಿತ್ತು ಬರುತ್ತದೆ, ಮುಂದಿನ ವರ್ಷ ಅದು ಬೀಜದಿಂದಲೇ ಹುಟ್ಟಬೇಕು. ಮಳೆಗಾಲದಲ್ಲಿ ಎರಡೂ ಒಂದೇ ಹಸಿರು. ಮಳೆ ಕೈಕೊಟ್ಟ ವರ್ಷ ಬುಡದ ಹುಲ್ಲು ಅಷ್ಟಿಷ್ಟು ಮೇವು ಕೊಡುತ್ತದೆ, ವರ್ಷದ ಹುಲ್ಲು ಏನೂ ಕೊಡುವುದಿಲ್ಲ. ಕಾವಲಿನ ಆರೋಗ್ಯವನ್ನು ಒಂದೇ ಒಂದು ಗುರುತಿನಿಂದ ಅಳೆಯಬೇಕೆಂದು ಯಾರಾದರೂ ಕೇಳಿದರೆ ನೆಲದ ಎಷ್ಟು ಪಾಲನ್ನು ಬದುಕಿರುವ ಬುಡಗಳು ಹಿಡಿದಿವೆ ಎಂಬುದನ್ನೇ ನಾನು ಹೇಳುತ್ತೇನೆ.

ಹಲ್ಲು ತಾಗಿದ ಮಾತ್ರಕ್ಕೆ ಬುಡ ಸಾಯುವುದಿಲ್ಲ. ಹುಲ್ಲಿನ ಬೆಳೆಯುವ ತುದಿ ಬಹುಕಾಲ ಬುಡದಲ್ಲೇ ಅಡಗಿರುತ್ತದೆ, ಮೇಲಿನ ಎಲೆ ತಿಂದರೆ ಮತ್ತೆ ಬರುತ್ತದೆ. ಅಮೆರಿಕದ ಕ್ರೈಡರ್ ಎಂಬ ಸಸ್ಯತಜ್ಞ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂದಿಗೂ ಹುಲ್ಲುಗಾವಲು ವಿದ್ಯೆಯ ಮೊದಲ ಪಾಠ. ಎಲೆಯ ಅರ್ಧದವರೆಗೆ ಕತ್ತರಿಸಿದರೆ ಬೇರು ಹೆಚ್ಚುಕಡಿಮೆ ಎಂದಿನಂತೆಯೇ ಬೆಳೆಯುತ್ತದೆ. ಶೇ 80ರಷ್ಟು ಕತ್ತರಿಸಿದರೆ ಬೇರಿನ ಬೆಳವಣಿಗೆ ದಿನಗಟ್ಟಲೆ ಪೂರ್ತಿ ನಿಂತುಬಿಡುತ್ತದೆ. ಬೇರು ನಿಂತಿರುವಾಗಲೇ ಇನ್ನೊಮ್ಮೆ ಕಚ್ಚಿದರೆ, ಮತ್ತೆ ಚಿಗುರಿದಾಗ ಮಗದೊಮ್ಮೆ ಕಚ್ಚಿದರೆ, ಬುಡ ಸೊರಗಿ ಸಾಯುತ್ತದೆ. ಎಷ್ಟು ಕುರಿ ಎಂಬುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಅದೇ ಬುಡಕ್ಕೆ ಬಾಯಿ ಬೀಳುತ್ತದೆ ಎಂಬುದು ಹೆಚ್ಚಿನ ಪ್ರಶ್ನೆ. ಐನೂರು ಕುರಿ ಮೂರು ದಿನ ಮೇದು ಮುಂದಕ್ಕೆ ಹೋದರೆ ಆಗದ ಹಾನಿಯನ್ನು ಅಲ್ಲೇ ಇರುವ ಐವತ್ತು ಕುರಿ ಜೂನ್‌ನಿಂದ ಅಕ್ಟೋಬರ್‌ವರೆಗೆ ನಿತ್ಯ ಮೇದು ಮಾಡಬಲ್ಲವು. ಅದರಲ್ಲೂ ಮುಂಗಾರಿನ ಮೊದಲ ಚಿಗುರಿನ ದಿನಗಳು ಹುಲ್ಲಿಗೆ ಅತಿ ನಾಜೂಕಿನವು.

ಬುಡ ಸೋತಾಗ ಆ ಜಾಗಕ್ಕೆ ಯಾರು ಬರುತ್ತಾರೆ ನೋಡಿ. ಮೊದಲು ಸವಿಹುಲ್ಲು ಕಡಿಮೆಯಾಗಿ, ಚೂಪು ಊಬಿನ ಹೆಟೆರೋಪೋಗಾನ್ ಹೆಚ್ಚುತ್ತದೆ. ಎಳೆಯದಾಗಿದ್ದಾಗ ಕುರಿ ಅದನ್ನು ತಿನ್ನುತ್ತದೆ. ತೆನೆ ಬಂದಮೇಲೆ ಊಬು ಉಣ್ಣೆಗೆ ಹೊಕ್ಕು, ಚರ್ಮಕ್ಕೆ ಚುಚ್ಚಿ ಕಾಟ ಕೊಡುತ್ತದೆ. ಅದೂ ಸೋತರೆ ಪೊರಕೆಗೆ ಬಳಸುವ ಹಂಚಿಹುಲ್ಲು ಬರುತ್ತದೆ, ದನ ಮೂಸಿ ಬಿಡುವಂಥದ್ದು. ಆಮೇಲೆ ನೆಗ್ಗಿಲು, ತಗಚೆ, ತಂಗಡಿ, ಬಂದರೆ ಗಿಡ, ಎಕ್ಕ. ಕೊನೆಗೆ ಬಳ್ಳಾರಿ ಜಾಲಿ. ನಿಮ್ಮ ದಾಖಲಾತಿಯಲ್ಲಿ ಈ ಹೆಸರುಗಳ ಪಕ್ಕದಲ್ಲಿ ಎಲ್ಲಿ, ಎಷ್ಟು, ಕಳೆದ ಸಲಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದು ಇದ್ದರೆ ಅದು ಕಾವಲಿನ ನಿಜವಾದ ಜಾತಕ. ಬರಿಯ ಹೆಸರಿನ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ.

ಇನ್ನು ಮಣ್ಣು. ಬುಡಗಳ ನಡುವಿನ ಬೋಳು ನೆಲವನ್ನು ಕಣ್ಣು ಕೆಳಗಿಳಿಸಿ ಪಕ್ಕದಿಂದ ನೋಡಿ. ಹುಲ್ಲಿನ ಬುಡ ಸುತ್ತಲಿನ ನೆಲಕ್ಕಿಂತ ಎರಡು ಮೂರು ಬೆರಳು ಎತ್ತರದ ಪುಟ್ಟ ಮಣ್ಣಿನ ಕಂಬದ ಮೇಲೆ ನಿಂತಂತೆ ಕಂಡರೆ, ಆ ಎರಡು ಮೂರು ಬೆರಳಿನಷ್ಟು ಮೇಲ್ಮಣ್ಣು ಕೊಚ್ಚಿ ಹೋಗಿದೆ ಎಂದೇ ಅರ್ಥ. ಬುಡ ಹಿಡಿದುಕೊಂಡದ್ದಷ್ಟೇ ಉಳಿದಿದೆ. ಮೇಲ್ಪದರ ಹೆಂಚಿನಂತೆ ಗಟ್ಟಿಯಾಗಿದೆಯೇ, ಸಣ್ಣ ಸಣ್ಣ ಕೊರಕಲು ಶುರುವಾಗಿವೆಯೇ, ಒಣಗಿದ ತರಗು ಬುಡದ ಹಿಂದೆ ನಿಂತಿದೆಯೇ ಅಥವಾ ನೀರಿನೊಂದಿಗೆ ಹರಿದುಹೋಗಿದೆಯೇ, ಇವನ್ನೆಲ್ಲ ಬರೆದುಕೊಳ್ಳಿ. ಒಂದು ಸುಲಭ ಪರೀಕ್ಷೆಯೂ ಇದೆ. ಕಡಲೆಕಾಳಿನ ಗಾತ್ರದ ಒಣ ಮಣ್ಣಿನ ಹೆಂಟೆಯನ್ನು ಮೇಲ್ಪದರದಿಂದ ಎತ್ತಿ, ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ಹಾಕಿ ಮೆಲ್ಲಗೆ ಬಿಡಿ. ಹುಲ್ಲಿನ ಬುಡದಡಿಯ ಮಣ್ಣಾದರೆ ಬಹಳ ಹೊತ್ತು ಆಕಾರ ಉಳಿಸಿಕೊಳ್ಳುತ್ತದೆ. ಬೇರು, ಸಾವಯವ ಅಂಶ ಅದನ್ನು ಕಟ್ಟಿಹಾಕಿರುತ್ತವೆ. ಕೆಟ್ಟ ಜಾಗದ ಹೆಂಟೆ ಕೆಲವೇ ಕ್ಷಣಗಳಲ್ಲಿ ಕರಗಿ ಬಗ್ಗಡವಾಗುತ್ತದೆ. ಮಳೆಹನಿ ಬಿದ್ದಾಗಲೂ ಅದಕ್ಕೆ ಆಗುವುದು ಅದೇ, ಆ ಬಗ್ಗಡವೇ ನೆಲದ ರಂಧ್ರಗಳನ್ನು ಮುಚ್ಚಿ ನೀರು ಇಂಗದಂತೆ ಮಾಡುತ್ತದೆ. ಆಸ್ಟ್ರೇಲಿಯಾದ ಒಣ ಹುಲ್ಲುಗಾವಲುಗಳಲ್ಲಿ ತಜ್ಞರು ಬಳಸುವ ಪರೀಕ್ಷೆಗಳಲ್ಲಿ ಇದೂ ಒಂದು. ನಿಮ್ಮೂರಿನ ಶಾಲೆಯ ಮಕ್ಕಳೂ ಮಾಡಬಹುದು.

ಬೋಳು ನೆಲವೆಲ್ಲ ಕುರಿಯ ಕೆಲಸವಲ್ಲ ಎಂಬುದನ್ನೂ ನೆನಪಿಡಿ. ಗರಸು ನೆಲದಲ್ಲಿ, ಸವಳು ನೆಲದಲ್ಲಿ, ಹಾಸುಬಂಡೆಯ ಅಂಚಿನಲ್ಲಿ ಎಂದೂ ದಟ್ಟ ಹುಲ್ಲು ಇರಲಿಲ್ಲ. ಬೇಸಿಗೆಯ ಹೊತ್ತಿಗೆ ಒಣಹುಲ್ಲಿನ ದೊಡ್ಡ ಪಾಲನ್ನು ಗೆದ್ದಲು ತಿಂದು ಮುಗಿಸಿರುತ್ತದೆ, ಅದರ ಲೆಕ್ಕವೂ ಕುರಿಯ ಖಾತೆಗೇ ಹೋಗುತ್ತದೆ. ಎರೆಯನ್ನು ಎರೆಯೊಂದಿಗೆ, ಕೆಂಪು ಮಸಬನ್ನು ಕೆಂಪು ಮಸಬಿನೊಂದಿಗೆ ಹೋಲಿಸಬೇಕು. ಹೋಲಿಕೆಗೆ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಊರಿನ ಸ್ಮಶಾನದ ಮೂಲೆ, ದೇವರ ಹೆಸರಿಗೆ ಬಿಟ್ಟ ತುಂಡು, ರೈಲುಹಳಿಯ ಬೇಲಿಯ ಒಳಗಿನ ಪಟ್ಟಿ ನೋಡಿ. ನಿಮ್ಮ ಮಣ್ಣಿನಲ್ಲಿ ಯಾವ ಹುಲ್ಲು ಬರಬಲ್ಲದು ಎಂಬುದು ಅಲ್ಲಿ ಕಾಣುತ್ತದೆ.

ಗೋಕಟ್ಟೆಯ ಪಕ್ಕದಲ್ಲಿ ನಿಂತು ಇಡೀ ಕಾವಲಿಗೆ ತೀರ್ಪು ಕೊಡುವ ರೂಢಿ ಬಹಳ ಕಡೆ ಇದೆ. ಜೀಪು ನಿಲ್ಲುವುದು ಅಲ್ಲೇ. ದನಕುರಿ ದಿನಾ ನೀರಿಗೆ ಬರುವ ಕಡೆ ನೆಲ ತುಳಿದು ಬೋಳಾಗಿರಲೇಬೇಕು. ಆಸ್ಟ್ರೇಲಿಯಾದ ಲ್ಯಾಂಗ್ ಎಂಬ ವಿಜ್ಞಾನಿ 1969ರಲ್ಲಿ ಕುರಿಗಳ ನೀರಿನ ತೊಟ್ಟಿಯ ಸುತ್ತ ಹರಡುವ ಇಂಥ ಬಳೆಯನ್ನು ವಿವರಿಸಿದಂದಿನಿಂದ ಅದನ್ನು ಅಳತೆಯ ಸಾಧನವಾಗಿಯೇ ಬಳಸುತ್ತಾರೆ. ನೀರಿನಿಂದ ಹೊರಟು ನೇರ ನಡೆಯಿರಿ, ಒಳ್ಳೆಯ ಹುಲ್ಲಿನ ಬುಡಗಳು ಎಲ್ಲಿಂದ ಶುರುವಾಗುತ್ತವೆ ನೋಡಿ. ನೂರು ಹೆಜ್ಜೆಗೇ ಸಿಕ್ಕರೆ ಕಾವಲು ಚೆನ್ನಾಗಿದೆ. ಕಿಲೋಮೀಟರ್ ನಡೆದರೂ ಸಿಗದಿದ್ದರೆ ತೊಂದರೆ ನಿಜ. ಇವತ್ತಿನ ದೂರವನ್ನು ಬರೆದಿಟ್ಟುಕೊಂಡು ಮುಂದಿನ ವರ್ಷದ ದೂರದೊಂದಿಗೆ ಹೋಲಿಸಿದರೆ ಬೋಳು ಬಳೆ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ತಿಳಿಯುತ್ತದೆ.

ಎಣಿಕೆಯ ವಿಧಾನವೂ ಸರಳ. ದೂರದ ಒಂದು ಗುರುತು ಹಿಡಿದು ನೇರ ನಡೆಯಿರಿ. ಎರಡು ಹೆಜ್ಜೆಗೊಮ್ಮೆ ಚಪ್ಪಲಿಯ ತುದಿ ಎಲ್ಲಿ ಬಿತ್ತೋ ಅಲ್ಲಿ ಏನಿದೆ ಎಂದು ಒಬ್ಬರು ಕೂಗಲಿ, ಇನ್ನೊಬ್ಬರು ಗೆರೆ ಎಳೆಯಲಿ: ಬಹುವಾರ್ಷಿಕ ಬುಡ, ವರ್ಷದ ಹುಲ್ಲು, ತರಗು, ಕಲ್ಲು, ಬರಿ ಮಣ್ಣು. ಇನ್ನೂರು ಬಿಂದುಗಳಾದರೆ ಶೇಕಡಾವಾರು ತಾನಾಗಿ ಸಿಗುತ್ತದೆ. ಕಾವಲಿನ ಮೂರು ನಾಲ್ಕು ಕಡೆ ಹೀಗೆ ನಡೆದು, ಪ್ರತಿ ಗೆರೆಯ ಆರಂಭಕ್ಕೆ ಬಣ್ಣ ಬಳಿದ ಕಲ್ಲು ನೆಟ್ಟು, ಅಲ್ಲಿಂದ ಒಂದೇ ದಿಕ್ಕಿಗೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮೇ ಕೊನೆಯಲ್ಲಿ ಒಮ್ಮೆ, ಏಕೆಂದರೆ ಬುಡ, ಮಣ್ಣು ಕಾಣುವುದು ಆಗ. ದೀಪಾವಳಿಯ ಆಸುಪಾಸಿನಲ್ಲಿ ಇನ್ನೊಮ್ಮೆ, ಏಕೆಂದರೆ ತೆನೆ ನೋಡಿ ಹುಲ್ಲಿನ ಜಾತಿ ಗುರುತಿಸಲು ಸಾಧ್ಯವಾಗುವುದು ಆಗ. ಹುಲ್ಲು ಗುರುತಿಸಲು ತೊಡಕಾದರೆ ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ.

ಮೇವಿನ ಲೆಕ್ಕಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಚದರ ಮೀಟರ್ ಚೌಕಟ್ಟಿನೊಳಗಿನ ಹುಲ್ಲನ್ನು ಕುಯ್ದು, ಒಣಗಿಸಿ ತೂಗಿದರೆ ಬರುವ ಗ್ರಾಮಿನ ಹತ್ತು ಪಟ್ಟು ಎಂದರೆ ಹೆಕ್ಟೇರಿಗೆ ಅಷ್ಟು ಕಿಲೋ. ಹತ್ತಾರು ಕಡೆ ಕುಯ್ದು ಸರಾಸರಿ ನೂರು ಗ್ರಾಂ ಬಂತು ಎನ್ನಿ, ಹೆಕ್ಟೇರಿಗೆ ಸಾವಿರ ಕಿಲೋ ಆಯಿತು. ಅದರಲ್ಲಿ ಮೂರನೇ ಒಂದು ಪಾಲನ್ನು, ಸುಮಾರು 330 ಕಿಲೋವನ್ನು, ಮಾತ್ರ ಮೇವೆಂದು ಹಿಡಿಯಬೇಕು. ಉಳಿದದ್ದು ಬೇರಿಗೆ, ನೆಲದ ಹೊದಿಕೆಗೆ, ಬೀಜಕ್ಕೆ, ಗೆದ್ದಲಿಗೆ, ಕೃಷ್ಣಮೃಗಕ್ಕೆ. ಮೂವತ್ತು ಕಿಲೋ ತೂಕದ ಕುರಿ ದಿನಕ್ಕೆ ತನ್ನ ತೂಕದ ಶೇ 2.5ರಷ್ಟು, ಅಂದರೆ ಮುಕ್ಕಾಲು ಕಿಲೋ ಒಣಮೇವು ತಿನ್ನುತ್ತದೆ. ಐನೂರು ಎಕರೆ ಎಂದರೆ ಸುಮಾರು ಇನ್ನೂರು ಹೆಕ್ಟೇರ್. ಅಷ್ಟು ಕಾವಲು ಐನೂರು ಕುರಿಗಳನ್ನು 176 ದಿನ, ಆರು ತಿಂಗಳಿಗೆ ತುಸು ಕಡಿಮೆ, ಸಾಕುತ್ತದೆ. ಬರಗಾಲದಲ್ಲಿ ನೂರು ಗ್ರಾಮಿನ ಬದಲು ಮೂವತ್ತು ಗ್ರಾಂ ಬಂದರೆ ಅದೇ ಕಾವಲು ಅದೇ ಐನೂರು ಕುರಿಗೆ 53 ದಿನಕ್ಕೆ ಮುಗಿಯುತ್ತದೆ. ಒಂದು ವರ್ಷ ಸರಿಯಾಗಿದ್ದ ಸಂಖ್ಯೆ ಮರುವರ್ಷ ಮೂರು ಪಟ್ಟು ಭಾರವಾಗುತ್ತದೆ. ಇಷ್ಟು ಕುರಿ ಮಾತ್ರ ಎಂದು ಶಾಶ್ವತವಾಗಿ ಗೆರೆ ಎಳೆಯುವ ಠರಾವು ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಒಣನಾಡಿನಲ್ಲಿ ಕುರಿಗಾಹಿಗಳು ಊರು ಬಿಟ್ಟು ಊರಿಗೆ ನಡೆಯುವುದೂ ಇದೇ ಕಾರಣಕ್ಕೆ.

ಗೋಮಾಳಕ್ಕೂ ಇದೇ ಲೆಕ್ಕ ಹಾಕಿ ನೋಡಿ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ನೂರು ಜಾನುವಾರಿಗೆ ಹನ್ನೆರಡು ಹೆಕ್ಟೇರ್, ಅಂದರೆ ಮೂವತ್ತು ಎಕರೆ, ಮೀಸಲಿಡಬೇಕು. ಹೆಕ್ಟೇರಿಗೆ ಸಾವಿರ ಕಿಲೋ ಬೆಳೆಯುವ ಒಳ್ಳೆಯ ಗೋಮಾಳದಲ್ಲಿ ಮೂರನೇ ಒಂದು ಪಾಲು ಮೇವೆಂದು ಹಿಡಿದರೆ ನಾಲ್ಕು ಸಾವಿರ ಕಿಲೋ ಸಿಗುತ್ತದೆ. ಇನ್ನೂರೈವತ್ತು ಕಿಲೋ ತೂಕದ ನೂರು ದನ ಅದನ್ನು ಒಂದು ವಾರದೊಳಗೆ ಮುಗಿಸುತ್ತವೆ. ಬುಡಸಮೇತ ಬಿಟ್ಟುಕೊಟ್ಟರೂ ಹತ್ತೊಂಬತ್ತು ದಿನ. ಗೋಮಾಳ ಯಾವ ಕಾಲಕ್ಕೂ ವರ್ಷವಿಡೀ ಮೇವು ಕೊಡಬೇಕಾದ ಜಾಗವಾಗಿರಲಿಲ್ಲ, ಕೊಯ್ಲಿನ ನಂತರದ ಹೊಲ, ಕಾವಲು, ಕೆರೆಯಂಗಳ, ಮನೆಯ ಬಣವೆ ಎಲ್ಲದರ ಜೊತೆ ಸೇರಿ ನಡೆಯುತ್ತಿದ್ದ ಒಂದು ಕೊಂಡಿ. ಉಳಿದ ಕೊಂಡಿಗಳನ್ನು ಕಳಚಿ, ಆಮೇಲೆ ಗೋಮಾಳ ಯಾಕೆ ಸವೆಯಿತು ಎಂದು ಕುರಿಗಾಹಿಯನ್ನು ಕೇಳುವುದು ತಪ್ಪು.

ಹಳೆಯ ಮೈಸೂರು ಸಂಸ್ಥಾನಕ್ಕೆ ಇದು ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಕೆರೆಯಂಗಳದ ಹಸಿಹುಲ್ಲು, ನೀರು, ನೆರಳು ಇದ್ದವು ಬೇಸಿಗೆಗೆ ಮೀಸಲು. ದನ ಒಂದರಲ್ಲಿ ಮೇಯುವಾಗ ಉಳಿದವು ಸುಧಾರಿಸಿಕೊಳ್ಳುತ್ತಿದ್ದವು. ಚಿತ್ರದುರ್ಗದ ಮ್ಯಾಸಬೇಡರು, ಕಾಡುಗೊಲ್ಲರು ಇಂದಿಗೂ ದೇವರ ಎತ್ತುಗಳನ್ನು ಕಿಲಾರಿಗಳ ಕೈಯಲ್ಲಿ ಕಾವಲಿನಿಂದ ಕಾವಲಿಗೆ ಮೇಯಿಸುತ್ತಾರೆ. ಈ ನಡೆಗೆ ಇರುವ ಜಾಗ ನಮ್ಮ ಕಣ್ಣೆದುರೇ ಕಿರಿದಾಗಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಶೋಧನೆಗೆ ಹೋಗಿ ಸುತ್ತ ಗೋಡೆ ಎದ್ದಿತು. ಪಾವಗಡದಲ್ಲಿ ಸುಮಾರು 13,000 ಎಕರೆ ಸೌರಫಲಕಗಳ ಕೆಳಗಿದೆ. ಅದು ರೈತರ ಹೊಲವೇ ಇರಬಹುದು, ಆದರೆ ಬೆಳೆ ಇಲ್ಲದ ಕಾಲದಲ್ಲಿ ಅಲ್ಲಿ ಮಂದೆ ಮೇಯುತ್ತಿತ್ತು. ಕೊಳವೆಬಾವಿ ಬಂದು ಅಡಿಕೆ ತೋಟವಾದ ಹೊಲಕ್ಕೂ ಕುರಿ ಇಳಿಯುವಂತಿಲ್ಲ. ಹತ್ತು ಕಡೆ ಹಂಚಿಹೋಗುತ್ತಿದ್ದ ಬಾಯಿ ಒಂದೇ ಕಡೆ ಕೂಡಿದಾಗ ಅಲ್ಲಿ ಬುಡ ಸಾಯುತ್ತದೆ. ನಿಮ್ಮ ವರದಿಯಲ್ಲಿ ಅತಿಮೇವು ಎಂದು ಬರೆಯುವಾಗ, ಮಂದೆಗೆ ಮುಚ್ಚಿಹೋದ ಜಾಗಗಳ ಪಟ್ಟಿಯನ್ನೂ ಅದರ ಜೊತೆಗೇ ಬರೆಯಿರಿ. ಅದಿಲ್ಲದೆ ಬರೆದದ್ದು ಅರ್ಧ ಸತ್ಯ.

ಗಿಡ ನೆಡುವ ಠರಾವಿನ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ರಾಣೆಬೆನ್ನೂರಿನ ಬಯಲು ಕೃಷ್ಣಮೃಗ ಮತ್ತು ಎರೆಲಡ್ಡು ಹಕ್ಕಿಯ ನೆಲೆ. 1974ರಲ್ಲಿ ಅಲ್ಲಿ ವನ್ಯಧಾಮ ಘೋಷಣೆಯಾಯಿತು. ಆದರೆ ಆ ಹುಲ್ಲುಬಯಲಿನ ದೊಡ್ಡ ಪಾಲು ನೀಲಗಿರಿ ನೆಡುತೋಪಾಯಿತು. ಬಯಲಿನಲ್ಲಿ ದೂರದವರೆಗೆ ನೋಡಿ, ಓಡಿ, ಹಾರಬೇಕಾದ ಹಕ್ಕಿಗೆ ತೋಪಿನಲ್ಲಿ ಜಾಗವಿಲ್ಲ. ಎರೆಲಡ್ಡು ಅಲ್ಲಿಂದ ಮಾಯವಾಯಿತು. ಜೆಸಿಬಿ ತಂದು ಟ್ರೆಂಚ್ ತೆಗೆಸಿದರೆ ವರ್ಷಗಟ್ಟಲೆ ಮಣ್ಣು ಹಿಡಿದಿದ್ದ ಬುಡಗಳು ಒಂದು ಮಧ್ಯಾಹ್ನದಲ್ಲಿ ಮಗುಚಿಬೀಳುತ್ತವೆ, ಮಗುಚಿದ ಮಣ್ಣಿನಲ್ಲಿ ಮೊದಲು ಎದ್ದು ಬರುವುದು ಕಾಂಗ್ರೆಸ್ ಹುಲ್ಲು. ಉಪಗ್ರಹ ಚಿತ್ರದಲ್ಲಿ ಹಸಿರು ಹೆಚ್ಚಾಗಿದೆ ಎಂಬ ವರದಿಯನ್ನೂ ಹಾಗೆಯೇ ನಂಬಬೇಡಿ. ಬಳ್ಳಾರಿ ಜಾಲಿ ಬೇಸಿಗೆಯಲ್ಲೂ ಹಸಿರಾಗಿರುತ್ತದೆ, ಆಕಾಶದಿಂದ ಅದು ಅಭಿವೃದ್ಧಿಯಂತೆ ಕಾಣುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ, ಕಡೂರಿನ ಬಾಸೂರು ಕಾವಲಿನಲ್ಲಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಬೆಂಗಳೂರಿನ ಮಗ್ಗುಲಿನ ಹೆಸರಘಟ್ಟದ ಹುಲ್ಲುಗಾವಲಿಗೂ ಬಹಳ ಹೋರಾಟದ ಬಳಿಕ 2024ರಲ್ಲಿ ಸಚಿವ ಸಂಪುಟ ಒಪ್ಪಿತು. ಹುಲ್ಲನ್ನು ಹುಲ್ಲಾಗಿಯೇ ಉಳಿಸಬಹುದು ಎಂಬುದಕ್ಕೆ ಇವು ನಿದರ್ಶನ.

ನಿಮ್ಮ ಎಣಿಕೆಯಲ್ಲಿ ಬುಡ ನಿಜಕ್ಕೂ ಕಡಿಮೆಯಾಗುತ್ತಿದೆ, ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಎರಡು ಮೂರು ವರ್ಷ ಒಂದೇ ಸಮನೆ ಕಂಡರೆ ಹಿಂಜರಿಯದೆ ಬರೆಯಿರಿ. ಬದುಕಿರುವ ಬುಡ ಅಲ್ಲಲ್ಲಿ ಉಳಿದಿದ್ದರೆ, ಮುಂಗಾರಿನ ಮೊದಲ ಆರು ವಾರ ಕಾವಲಿನ ಒಂದು ಭಾಗವನ್ನು ಸರದಿಯ ಮೇಲೆ ಮೇಯಿಸದೆ ಬಿಟ್ಟರೆ ಚೇತರಿಕೆ ಸಾಧ್ಯ. ವರ್ಷಾನುಗಟ್ಟಲೆ ಪೂರ್ತಿ ಬಂದ್ ಮಾಡುವುದು ಬೇಡ. ಮೇಯದ ಹಳೆಹುಲ್ಲು ಹೊಸ ಚಿಗುರನ್ನು ಅಡಗಿಸುತ್ತದೆ, ಬೇಸಿಗೆಯಲ್ಲಿ ಬೆಂಕಿಗೂ ಮೇವಾಗುತ್ತದೆ. ಬಳ್ಳಾರಿ ಜಾಲಿ ಆವರಿಸಿಬಿಟ್ಟಿದ್ದರೆ ಮಾತ್ರ ಕತೆ ಬೇರೆ. 1989ರಲ್ಲಿ ವೆಸ್ಟೊಬಿ ಮತ್ತು ಸಂಗಡಿಗರು ವಿವರಿಸಿದಂತೆ ಕೆಲವು ಹುಲ್ಲುಗಾವಲುಗಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಬಿಡುತ್ತವೆ, ದಾಟಿದ ಮೇಲೆ ಕುರಿ ತೆಗೆದರೂ ಹಿಂದಿರುಗುವುದಿಲ್ಲ. ಅಲ್ಲಿ ಜಾಲಿಯನ್ನು ಬೇರುಸಮೇತ ಕೀಳಿಸಬೇಕು, ಸ್ಥಳೀಯ ಹುಲ್ಲಿನ ಬೀಜ ಬಿತ್ತಬೇಕು. ಉದ್ಯೋಗ ಖಾತ್ರಿಯ ಹಣ ಗುಂಡಿ ತೋಡುವುದಕ್ಕಿಂತ ಈ ಕೆಲಸಕ್ಕೆ ಹೋಗಲಿ.

ಇದೆಲ್ಲವನ್ನೂ ನಿಮಗಿಂತ ಚೆನ್ನಾಗಿ ಓದಬಲ್ಲವರು ನಿಮ್ಮೂರಿನಲ್ಲೇ ಇದ್ದಾರೆ. ಯಾವ ಹುಲ್ಲಿಗೆ ಮರಿ ತೂಕ ಹಿಡಿಯುತ್ತದೆ, ಯಾವುದನ್ನು ಕುರಿ ತೆನೆ ಬಂದಮೇಲೆ ಮುಟ್ಟುವುದಿಲ್ಲ, ಅಪ್ಪನ ಕಾಲಕ್ಕೆ ಯಾವ ಹುಲ್ಲು ಯಾವ ಹಳ್ಳದವರೆಗೆ ಇತ್ತು ಎಂಬುದು ಹಟ್ಟಿಯ ಹಿರಿಯರಿಗೆ ಬಾಯಿಪಾಠ. ಆದರೆ ನಾನು ಕಂಡ ಬಹಳ ಸಮಿತಿಗಳಲ್ಲಿ ಕುರಿಗಾಹಿಗಳಿಲ್ಲ. ಅವರಿಲ್ಲದ ಸಭೆಯಲ್ಲಿ ಅವರ ಮೇಲೆ ಠರಾವು ಆಗುತ್ತದೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷ ಎಂದು ಸಾರಿದೆ. ಆ ಎರಡು ಹೆಸರನ್ನು ಒಟ್ಟಿಗೆ ಇಟ್ಟದ್ದು ನನಗೆ ಬಹಳ ಸರಿಯೆನಿಸಿತು.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ. ಮುಂದಿನ ಸಭೆಯಲ್ಲಿ ಒಬ್ಬ ಕುರಿಗಾಹಿಯನ್ನೂ, ದನ ಕಾಯುವ ಮನೆಯ ಒಬ್ಬ ಹೆಣ್ಣುಮಗಳನ್ನೂ ಸಮಿತಿಯ ಜೊತೆ ಕೂರಿಸಿಕೊಳ್ಳಿ. ದೀಪಾವಳಿ ಮುಗಿದ ವಾರ ಅವರೊಂದಿಗೆ ಕಾವಲಿನಲ್ಲಿ ನಡೆಯಿರಿ, ಮೇ ಕೊನೆಗೆ ಮತ್ತೆ ನಡೆಯಿರಿ, ಎಣಿಕೆಯನ್ನು ದಾಖಲಾತಿಗೆ ಸೇರಿಸಿ. ಮೂರು ವರ್ಷದ ಎಣಿಕೆ ಕೈಗೆ ಬರುವವರೆಗೆ ಕಾವಲಿಗೆ ಬೇಲಿ ಹಾಕುವ, ಟ್ರೆಂಚ್ ಹೊಡೆಸುವ, ಗಿಡ ನೆಡುವ ಯಾವ ಠರಾವಿಗೂ ಸಹಿ ಹಾಕಬೇಡಿ.

ಇತಿ ನಿಮ್ಮ ವಿಶ್ವಾಸಿ,
ಬಯಲುಸೀಮೆಯ ಹುಲ್ಲುಗಾವಲುಗಳ ಒಬ್ಬ ಅಭ್ಯಾಸಿ